ತಕ್ಕಡಿ ತೂಗದ ಗೆಲುವುಗಳು

ನಮ್ಮ ಶಾಲೆಯ ಸ್ಟಾಫ್ ರೂಮಿನ ಗೋಡೆಗೆ ಯಾರೋ ಪತ್ರಿಕೆಯ ಪುರವಣಿಯಿಂದ ಕತ್ತರಿಸಿದ ಪುಟವೊಂದನ್ನು ಅಂಟಿಸಿದ್ದರು. ಅದರಲ್ಲಿ ಒಬ್ಬಳೇ ಹೆಣ್ಣುಮಗಳ ಎರಡು ಫೋಟೋ. ಎಡಗಡೆ ದಪ್ಪಗಿದ್ದವಳು ನೆಲ ನೋಡುತ್ತ ನಿಂತಿದ್ದಾಳೆ. ಬಲಗಡೆ ತೆಳ್ಳಗಾದವಳು ನಗುತ್ತಿದ್ದಾಳೆ. ನಡುವೆ ಒಂದು ಬಾಣದ ಗುರುತು, ಕೆಳಗೆ ಕಿಲೋಗಳ ಲೆಕ್ಕ. "ಅಕ್ಕಾರ, ಇದರ ಬಾಜೂಕ ನಿಮ್ಮದೂ ಹಚ್ಚೂಣೇನ್ರಿ?" ಎಂದು ಜೊತೆಯ ಶಿಕ್ಷಕಿಯೊಬ್ಬರು ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅವತ್ತು ಮನೆಗೆ ಹೋದಮೇಲೂ ಆ ಬಾಣ ನನ್ನ ಕಣ್ಣ ಮುಂದಿನಿಂದ ಸರಿಯಲಿಲ್ಲ.

ಅಂಥ ಎರಡು ಫೋಟೋ ನನ್ನ ಹತ್ತಿರವೂ ಇವೆ. 2021ರಲ್ಲಿ ನಾನು ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಆಗ ನನ್ನ ತೂಕ 112 ಕಿಲೋ, ಈಗ 76. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು ಎಂಬುದರಲ್ಲಿಯೇ ಈ ಪ್ರಬಂಧದ ಅರ್ಧ ವಿಷಯವಿದೆ. ಆದರೆ ನಾನು ಇಲ್ಲಿ ಹೇಳಹೊರಟದ್ದು ನನ್ನ ಕಥೆಯನ್ನಷ್ಟೇ ಅಲ್ಲ. ಇಂಥ ಕಥೆಗಳನ್ನು ನಾವು ಹೇಳುವ ರೀತಿಯ ಬಗ್ಗೆ ನನಗೊಂದು ತಕರಾರಿದೆ. ಒಂದು ಪದ್ಯವನ್ನೋ ಕಾದಂಬರಿಯನ್ನೋ ತರಗತಿಯಲ್ಲಿ ಬಿಡಿಸಿ ನೋಡುವಂತೆ 'ಮೊದಲು-ಆಮೇಲೆ' ಎಂಬ ಈ ಕಥನವನ್ನೂ ಬಿಡಿಸಿ ನೋಡಬೇಕು ಎನಿಸಿದೆ.

ಈ ಕಥನದ ಮೊದಲ ದೋಷವೆಂದರೆ ಅದಕ್ಕೆ ನಡುಭಾಗವಿಲ್ಲ. ಬಾಣದ ಗುರುತೇ ನಡುಭಾಗ. ನನಗೆ ಮಾಡಿದ್ದು ಬೈಪಾಸ್ ಎಂಬ ಬಗೆಯದು. ಜಠರದ ಮೇಲ್ತುದಿಯಲ್ಲಿ ಒಂದು ಚಿಕ್ಕ ಚೀಲವನ್ನಷ್ಟೇ ಉಳಿಸಿ, ಅದನ್ನು ನೇರವಾಗಿ ಸಣ್ಣಕರುಳಿಗೆ ಜೋಡಿಸುತ್ತಾರೆ. ಮೊದಲ ವಾರಗಳಲ್ಲಿ ನೀರನ್ನೂ ಚಮಚೆಯಲ್ಲಿ ಕುಡಿಯಬೇಕು. ನಾಲ್ಕನೆಯ ತಿಂಗಳಲ್ಲಿ ಬಾಚಣಿಗೆಯ ತುಂಬ ಕೂದಲು ಬರತೊಡಗಿದವು. ಬಿ-12, ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳು ಬದುಕಿರುವವರೆಗೂ ತಪ್ಪುವಂತಿಲ್ಲ. ನಮ್ಮ ಹುನಗುಂದದ ಮಗ್ಗುಲಿಗೇ ಅಮೀನಗಡ, ಅಲ್ಲಿಯ ಕರದಂಟು ಊರೂರಿಗೆ ಹೆಸರುವಾಸಿ. ಆರನೆಯ ತಿಂಗಳಲ್ಲಿ ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಕಾಲು ಗಂಟೆಯಲ್ಲಿ ಮೈಯೆಲ್ಲ ಬೆವರಿ, ಎದೆ ಡವಡವ ಹೊಡೆದುಕೊಂಡು ಮಂಚ ಹಿಡಿದೆ. ಸಿಹಿ ಜಠರದಲ್ಲಿ ನಿಲ್ಲದೆ ಒಮ್ಮೆಲೇ ಕರುಳಿಗೆ ಸುರಿದರೆ ಹಾಗಾಗುತ್ತದೆಂದು ಡಾಕ್ಟರು ತಿಳಿಸಿ ಹೇಳಿದರು. ಇದಾವುದೂ ಗೋಡೆಯ ಮೇಲಿನ ಆ ಪುಟದಲ್ಲಿಲ್ಲ.

ಎರಡನೆಯ ದೋಷ ಇನ್ನೂ ದೊಡ್ಡದು. ಅಂಕಿಯೇ ಅಲ್ಲಿ ನ್ಯಾಯಾಧೀಶ. ಕಿಲೋ ತೂಕವನ್ನು ಎತ್ತರದ ಮೀಟರಿನ ವರ್ಗದಿಂದ ಭಾಗಿಸುವ ಲೆಕ್ಕ ಈಗ ಎಲ್ಲರಿಗೂ ಗೊತ್ತು. ಅದನ್ನು 1830ರ ದಶಕದಲ್ಲಿ ಕಂಡುಹಿಡಿದವನು ವೈದ್ಯನಲ್ಲ, ಬೆಲ್ಜಿಯಂ ದೇಶದ ಖಗೋಳಜ್ಞ ಮತ್ತು ಗಣಿತಜ್ಞ ಕೆಟ್ಲೆ. 'ಸರಾಸರಿ ಮನುಷ್ಯ' ಹೇಗಿರುತ್ತಾನೆ ಎಂದು ತಿಳಿಯುವುದು ಅವನ ಹಂಬಲವಾಗಿತ್ತು. ಇಂತಿಂಥ ಹೆಂಗಸಿನ ಆರೋಗ್ಯ ಹೇಗಿದೆ ಎಂದು ಹೇಳುವುದಕ್ಕಲ್ಲ. ಅದಕ್ಕೆ ಬಿ.ಎಂ.ಐ. ಎಂಬ ಹೆಸರು ಬಂದದ್ದು 1972ರಲ್ಲಿ. 1991ರಲ್ಲಿ ಅಮೆರಿಕದ ತಜ್ಞರು, ಈ ಅಂಕಿ 40 ದಾಟಿದವರಿಗೆ, ಇಲ್ಲವೆ 35 ದಾಟಿ ಜೊತೆಗೆ ಬೇರೆ ಕಾಯಿಲೆ ಇದ್ದವರಿಗೆ ಶಸ್ತ್ರಚಿಕಿತ್ಸೆ ಎಂದು ಗೆರೆ ಎಳೆದರು. 2022ರಲ್ಲಿ ಈ ಶಸ್ತ್ರವೈದ್ಯರ ಎರಡು ದೊಡ್ಡ ಸಂಘಗಳು ಆ ಗೆರೆಯನ್ನು ಕೆಳಗಿಳಿಸಿದವು. ಏಷ್ಯಾದ ಜನರಿಗೆ 27.5 ದಾಟಿದರೂ ಆದೀತು ಎಂದವು. ನನ್ನ ಎತ್ತರ 155 ಸೆಂಟಿಮೀಟರು. ಮೊದಲು ನನ್ನ ಅಂಕಿ 46.6 ಇತ್ತು, ಈಗ 31.6. ಅಂದರೆ ಹೊಸ ಪಟ್ಟಿಯ ಪ್ರಕಾರ, ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಬಂದ ನಾನು ಈಗಲೂ ಶಸ್ತ್ರಚಿಕಿತ್ಸೆಗೆ ಅರ್ಹಳು! ಪರೀಕ್ಷೆಯಲ್ಲಿ ಪಾಸಾದ ಹುಡುಗಿಯನ್ನು ಮತ್ತೆ ಅದೇ ಬೆಂಚಿಗೆ ಕೂಡ್ರಿಸಿದಂತೆ.

ಹಾಗಾದರೆ ನಾನು ಗೆದ್ದದ್ದು ಏನನ್ನು? ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತ ಬಂದಿದ್ದೇನೆ. ಬಗ್ಗಿ ನನ್ನ ಕಾಲಿನ ಉಗುರನ್ನು ನಾನೇ ಕತ್ತರಿಸಿಕೊಂಡೆ. ಅಲ್ಲಿಯವರೆಗೆ ಮಗಳು ಊರಿಗೆ ಬರುವ ದಾರಿ ಕಾಯುತ್ತಿದ್ದೆ. ಮದುವೆಮನೆಯಲ್ಲಿ ಪಂಕ್ತಿಗೆ ನೆಲದ ಮೇಲೆ ಕುಳಿತೆ, ಯಾರ ಕೈಯನ್ನೂ ಹಿಡಿಯದೆ ಎದ್ದೆ. ಹುನಗುಂದದಿಂದ ಇಳಕಲ್ಲಿಗೆ ದಿನಾ ಬಸ್ಸಿನಲ್ಲಿ ಹೋಗುತ್ತೇನೆ. ಮೂವರ ಸೀಟಿನಲ್ಲಿ ನಾನು ಕೂತರೆ ಮೂರನೆಯವರು ನಿಂತೇ ಬರುತ್ತಿದ್ದರು. ಒಂದು ದಿನ ಮುದುಕಿಯೊಬ್ಬಳು "ಸರೀಯವ್ವಾ" ಎಂದು ಹೇಳಿ ನನ್ನ ಮಗ್ಗುಲಿಗೆ ಕೂತಳು. ಅವಳಿಗೆ ಅದು ಏನೂ ಅಲ್ಲ, ನನಗೆ ಕಣ್ಣು ತುಂಬಿ ಬಂತು. ಸಕ್ಕರೆ ಕಾಯಿಲೆಯ ಗುಳಿಗೆ ನಿಂತವು, ಮತ್ತೆ ಬರಬಹುದು ಎಂಬ ಎಚ್ಚರಿಕೆಯೊಂದಿಗೆ. ರಾತ್ರಿ ಉಸಿರು ಕಟ್ಟಿ ಎದ್ದು ಕೂಡ್ರುವುದು ತಪ್ಪಿತು.

ಇನ್ನೊಂದು ಗೆಲುವು ನಮ್ಮ ಕಡೆಯ ಹೆಂಗಸರಿಗೆ ಮಾತ್ರ ತಿಳಿಯುವಂಥದು. ಇಳಕಲ್ಲ ಸೀರೆಗೆ ಮೈಯ ಅಳತೆ ಗೊತ್ತಿಲ್ಲ. ತೆಳ್ಳಗಿನವಳಿಗೆ ನಾಲ್ಕು ನಿರಿಗೆ ಹೆಚ್ಚು, ದಪ್ಪಗಿನವಳಿಗೆ ನಾಲ್ಕು ಕಡಿಮೆ, ಅಷ್ಟೇ. ಮಗ್ಗದ ಮೇಲೆ ಮೈಯ ನೂಲಿಗೆ ಸೆರಗಿನ ನೂಲನ್ನು ಕೊಂಡಿ ಹಾಕಿ ಕೂಡಿಸುವ ನೇಕಾರ ಯಾರ ಸೊಂಟವನ್ನೂ ಕೇಳುವುದಿಲ್ಲ. ಆದರೆ ಗುಳೇದಗುಡ್ಡದ ಖಣಕ್ಕೆ ಅಳತೆ ಗೊತ್ತು. ಉಡಿ ತುಂಬುವಾಗ ಕೊಟ್ಟ ಖಣ ನನ್ನ ಕುಪ್ಪಸಕ್ಕೆ ಸಾಲುತ್ತಿರಲಿಲ್ಲ. ತೋಳಿಗೆ ಬೇರೆ ಬಟ್ಟೆ ಜೋಡಿಸಬೇಕಾಗುತ್ತಿತ್ತು. ಇಪ್ಪತ್ತು ವರ್ಷ ನನ್ನ ಖಣಗಳೆಲ್ಲ ಟ್ರಂಕಿನಲ್ಲಿ ಮಲಗಿದ್ದವು. ಕಳೆದ ವರ್ಷ ನನ್ನವ್ವ ಕೊಟ್ಟಿದ್ದ ಖಣದಲ್ಲಿ ಕುಪ್ಪಸ ಹೊಲಿಸಿದೆ. ಅವ್ವ ಅದನ್ನು ನೋಡಲು ಇರಲಿಲ್ಲ.

ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಪಟ್ಟಿಯನ್ನೂ ನಾನು ಅನುಮಾನದಿಂದಲೇ ನೋಡುತ್ತೇನೆ. ಇದರಲ್ಲಿ ಎರಡು ಜಾತಿಯ ಗೆಲುವುಗಳು ಕಲೆತುಹೋಗಿವೆ. ಉಗುರು, ಉಸಿರು, ಸಕ್ಕರೆ, ಮೊಣಕಾಲು, ಇವು ದೇಹದ ಗೆಲುವುಗಳು. ಅವನ್ನು ನನಗೆ ಶಸ್ತ್ರಚಿಕಿತ್ಸೆಯೇ ಕೊಟ್ಟಿತು, ಆ ಋಣವನ್ನು ನಾನು ಮರೆಯುವುದಿಲ್ಲ. ಆದರೆ ಬಸ್ಸಿನ ಸೀಟು, ಹೊಲಿಗೆಯವನ ನಗೆ, ಪಂಕ್ತಿಯಲ್ಲಿ ಬಡಿಸುವವರ ಕಣ್ಸನ್ನೆ, ಇವು ದೇಹದ ಕಾಯಿಲೆಗಳಾಗಿರಲಿಲ್ಲ. ಅವು ಅವಮಾನಗಳಾಗಿದ್ದವು. ಅವಮಾನ ತಪ್ಪಿಸಿಕೊಳ್ಳಲು ನಾನು ಹೊಟ್ಟೆ ಕೊಯ್ಸಿಕೊಳ್ಳಬೇಕಾಗಿತ್ತೇ? ಎರಡನ್ನೂ ಒಂದೇ ಹಾರದಲ್ಲಿ ಪೋಣಿಸಿ 'ಸಾಧನೆ' ಎಂದು ಕೊರಳಿಗೆ ಹಾಕಿಕೊಂಡರೆ, ಅವಮಾನ ಮಾಡಿದವರು ಸರಿ, ಬದಲಾಗಬೇಕಾದವಳು ನಾನೇ ಎಂದು ಒಪ್ಪಿಕೊಂಡಂತಾಯಿತು.

ನಮ್ಮ ಸಿನಿಮಾಗಳೂ ಈ ಗಂಟನ್ನು ಬಿಚ್ಚಲು ಯತ್ನಿಸಿವೆ. 2015ರ ಹಿಂದಿ ಚಿತ್ರ 'ದಮ್ ಲಗಾ ಕೆ ಹೈಶಾ' ನನಗೆ ಬಹಳ ಹತ್ತಿರದ್ದು. ಅದರ ನಾಯಕಿ ಸಂಧ್ಯಾ ದಪ್ಪಗಿದ್ದಾಳೆ, ಓದಿದ್ದಾಳೆ, ನನ್ನಂತೆಯೇ ಶಿಕ್ಷಕಿಯ ಕೆಲಸ ಬಯಸಿದವಳು. ಗೆಳೆಯರ ಮುಂದೆ ತನ್ನನ್ನು ಹೀಯಾಳಿಸಿದ ಗಂಡನ ಕೆನ್ನೆಗೆ ಹೊಡೆಯುತ್ತಾಳೆ. ಚಿತ್ರದ ಕೊನೆಗೆ, ಹೆಂಡತಿಯನ್ನು ಹೊತ್ತು ಓಡುವ ಪಂದ್ಯದಲ್ಲಿ ಗಂಡ ಅವಳನ್ನು ಬೆನ್ನ ಮೇಲೆ ಹೊತ್ತು ಗೆಲ್ಲುತ್ತಾನೆ. ನೋಡುವಾಗ ನಾನೂ ಚಪ್ಪಾಳೆ ತಟ್ಟಿದೆ. ಆಮೇಲೆ ಯೋಚಿಸಿದರೆ, ಗೆದ್ದವನು ಹೊತ್ತವನು. ಅವಳು ಕೊನೆಗೂ ಒಂದು ಭಾರವೇ. ಅವಳ ಓದು, ನೌಕರಿ, ಅವಳ ನಿಜವಾದ ಗೆಲುವು ಕಥೆಯ ಅಂಚಿನಲ್ಲಿ ಉಳಿಯುತ್ತದೆ. ಚಿತ್ರದ ನಂತರ ಆ ಪಾತ್ರ ಮಾಡಿದ ಭೂಮಿ ಪೆಡ್ನೇಕರ್ ತೂಕ ಇಳಿಸಿದ್ದೇ ಪತ್ರಿಕೆಗಳಿಗೆ ದೊಡ್ಡ ಸುದ್ದಿಯಾಯಿತು. ಚಿತ್ರ ಹೇಳಿದ ಪಾಠವನ್ನು ಪುರವಣಿಯ ಎರಡು ಫೋಟೋಗಳು ಅಳಿಸಿಹಾಕಿದವು.

ನಮ್ಮ ಕನ್ನಡದ 'ಒಂದು ಮೊಟ್ಟೆಯ ಕಥೆ' (2017) ಇನ್ನೂ ಚುರುಕಾದ ಚಿತ್ರ. ರಾಜ್ ಬಿ. ಶೆಟ್ಟಿಯವರು ತಾವೇ ನಿರ್ದೇಶಿಸಿ ನಟಿಸಿದ್ದಾರೆ. ಬೋಳುತಲೆಯ ಕನ್ನಡ ಉಪನ್ಯಾಸಕನಿಗೆ ಹೆಣ್ಣು ಸಿಗದ ಕಥೆ. ರೂಪದಿಂದ ಅಷ್ಟು ನೊಂದವನೇ, ತನ್ನನ್ನು ಮೆಚ್ಚಿದ ದಪ್ಪಗಿನ ಹುಡುಗಿಯನ್ನು ಕಂಡು ಹಿಂದೇಟು ಹಾಕುತ್ತಾನೆ. ನೊಂದವನ ಕೈಯಲ್ಲೂ ಅದೇ ತಕ್ಕಡಿ ಇರುತ್ತದೆ ಎಂಬ ಈ ನೋಟ ನಿಷ್ಠುರವಾದದ್ದು, ಸತ್ಯವಾದದ್ದು. ಆದರೆ ಪಾಠ ಕಲಿಯುವವನು ಅವನು, ಪಾಠವಾಗುವವಳು ಅವಳು. ಆ ಹುಡುಗಿ ಮನೆಗೆ ಹೋಗಿ ಆ ರಾತ್ರಿ ಊಟ ಮಾಡಿದಳೋ ಇಲ್ಲವೋ ಎಂಬುದೇ ನನಗೆ ಬೇಕಾದ ಕಥೆ.

ಊಟದ ಮಾತು ಬಂತು. ಈಗ ನನ್ನ ತಪ್ಪನ್ನು ಹೇಳಬೇಕು.

ಶಸ್ತ್ರಚಿಕಿತ್ಸೆಯಾದದ್ದನ್ನು ನಾನು ಮನೆಯವರ ಹೊರತು ಯಾರಿಗೂ ಹೇಳಿರಲಿಲ್ಲ. ಅದು ಕಳ್ಳದಾರಿ, ನಾಲಿಗೆ ಕಟ್ಟಲಾರದವರು ಹಿಡಿಯುವ ದಾರಿ ಎಂದು ಜನ ಆಡಿಕೊಳ್ಳುವುದು ಗೊತ್ತಿತ್ತು. "ಎಷ್ಟ ಸೊರಗೀರಲ್ರಿ ಅಕ್ಕಾರ, ಏನ ಮಾಡಿದ್ರಿ?" ಎಂದು ಕೇಳಿದವರಿಗೆಲ್ಲ "ಮುಂಜಾನೆ ನಡೀತೀನಿ, ರಾತ್ರಿ ಊಟ ಬಿಟ್ಟೀನಿ" ಎಂದು ಹೇಳುತ್ತಿದ್ದೆ. ತರಗತಿಯಲ್ಲೂ ಒಮ್ಮೆ ಹಾಗೆಯೇ ಹೇಳಿದೆ. ಹಿಂದಿನ ಬೆಂಚಿನಲ್ಲಿ ಒಂಬತ್ತನೆಯ ತರಗತಿಯ ದಪ್ಪಗಿನ ಹುಡುಗಿಯೊಬ್ಬಳು ಕುಳಿತಿದ್ದಳು. ಎರಡು ತಿಂಗಳ ನಂತರ ಅವಳು ಪ್ರಾರ್ಥನೆಯ ಹೊತ್ತಿಗೆ ತಲೆ ತಿರುಗಿ ಬಿದ್ದಳು. ಮನೆಯಲ್ಲಿ ರಾತ್ರಿ ಉಣ್ಣುತ್ತಿರಲಿಲ್ಲ, ಶಾಲೆಯ ಬಿಸಿಯೂಟವನ್ನು ಗೆಳತಿಯ ತಟ್ಟೆಗೆ ಸುರಿಯುತ್ತಿದ್ದಳು. ಅವಳ ತಾಯಿ ನೇಕಾರರ ಮನೆಯಲ್ಲಿ ಕಂಡಿಕೆ ಸುತ್ತುವವಳು, ಕೆಲಸ ಬಿಟ್ಟು ಓಡಿ ಬಂದಳು. ಬೈಯಲಿಲ್ಲ. "ಅಕ್ಕಾರ ಹಿಂಗ ಮಾಡೇ ಸೊರಗ್ಯಾರ ಅಂತ ಹೇಳತಿತ್ರೀ ಹುಡುಗಿ. ನೀವ ಹೇಳಿದ್ದಂದ ಮ್ಯಾಲೆ ಖರೇನ ಇರಬೇಕು ಅಂದ ಸುಮ್ನಿದ್ನಿರಿ" ಎಂದಳು. ಮೂವತ್ತು ವರ್ಷದ ನೌಕರಿಯಲ್ಲಿ ನನಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಗೋಡೆಯ ಮೇಲಿನ ಪುಟವನ್ನು ದೂರುವ ನಾನು, ನನ್ನ ಬಾಣದ ಗುರುತನ್ನು ನಾನೇ ಆ ಹುಡುಗಿಯ ಎದೆಗೆ ಚುಚ್ಚಿದ್ದೆ.

ಅವತ್ತೇ ತಾಯಿ ಮಗಳಿಬ್ಬರನ್ನೂ ಕೂಡ್ರಿಸಿಕೊಂಡು ನಿಜ ಹೇಳಿದೆ. ಹೊಟ್ಟೆಯ ಮೇಲಿನ ಐದು ಸಣ್ಣ ಗಾಯದ ಗುರುತುಗಳನ್ನು ತೋರಿಸಿದೆ. ಹುಡುಗಿ ಬಹಳ ಹೊತ್ತು ಸುಮ್ಮನಿದ್ದು, "ಮತ್ತ ನಂಗೂ ಮಾಡಸ್ತಾರೇನ್ರಿ?" ಎಂದು ಕೇಳಿದಳು. ಬೇಡವಾದ ಪ್ರಶ್ನೆ, ಆದರೆ ಬರಬೇಕಾದ ಪ್ರಶ್ನೆ. ಅದು ಚೆಂದ ಕಾಣಲು ಮಾಡಿಸುವುದಲ್ಲ, ನನ್ನ ಕಾಯಿಲೆಗಳಿಗಾಗಿ, ಹಲವು ಪರೀಕ್ಷೆಗಳಾದ ಮೇಲೆ ಮಾಡಿಸಿದ್ದು ಎಂದೆ. 2022ರ ಮೇ ತಿಂಗಳಲ್ಲಿ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋಗಿ ತೀರಿಕೊಂಡ ಸುದ್ದಿಯನ್ನು ಆ ತಾಯಿಯೂ ಟೀವಿಯಲ್ಲಿ ನೋಡಿದ್ದಳು. ಅದು ಬೇರೆ ಶಸ್ತ್ರಚಿಕಿತ್ಸೆ, ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವಂಥದು. ನನ್ನದು ಬೇರೆ. ಆದರೆ ಆ ಮಗಳನ್ನು ಅಲ್ಲಿಗೆ ತಳ್ಳಿದ ಕಣ್ಣುಗಳು ನಮ್ಮೆಲ್ಲರವೂ ಹೌದು ಎಂದು ನನಗನಿಸಿತು. ಮರುದಿನ ತರಗತಿಯಲ್ಲೂ ನಿಜ ಹೇಳಿದೆ. ಸ್ಟಾಫ್ ರೂಮಿನಲ್ಲೂ ಹೇಳಿದೆ. ಕೆಲವರು ಬೆನ್ನ ಹಿಂದೆ ನಕ್ಕಿರಬಹುದು, ನಗಲಿ. ನೋಟುಬುಕ್ಕಿನಲ್ಲಿ ಅದನ್ನೂ ಒಂದು ಗೆಲುವೆಂದು ಬರೆದೆ. ಅದನ್ನು ಯಾವ ವೈದ್ಯರೂ ನನಗೆ ಕೊಟ್ಟಿರಲಿಲ್ಲ.

ಈ ಜನವರಿಯಲ್ಲಿ ಬನಶಂಕರಿ ಜಾತ್ರೆಯ ಮುಂಚೆ ಮಕ್ಕಳನ್ನು ಬಾದಾಮಿಗೆ ಕರೆದುಕೊಂಡು ಹೋಗಿದ್ದೆವು. ಹಿಂದೆಲ್ಲ ನಾನು ಕೆಳಗೆ ಚಪ್ಪಲಿ ಕಾಯುತ್ತ ಕೂಡ್ರುತ್ತಿದ್ದೆ. ಮೂರನೆಯ ಗುಹೆಯ ಶಾಸನ ಕ್ರಿ.ಶ. 578ರದು, ಮಂಗಳೇಶ ಬರೆಸಿದ್ದು ಎಂದು ಪಾಠ ಮಾಡಿದ್ದೆನೇ ಹೊರತು ಆ ಗುಹೆಯನ್ನು ಎಷ್ಟೋ ವರ್ಷ ಕಂಡಿರಲಿಲ್ಲ. ಈ ಸಲ ನಿಧಾನವಾಗಿ, ನಡುನಡುವೆ ಕೂತು, ಹತ್ತಿದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೇಲಿನದಲ್ಲ, ಒಂದನೆಯ ಗುಹೆಯ ಬುಡದಲ್ಲಿರುವ ಗಣಗಳು. ಹದಿನೆಂಟು ಕೈಯ ನಟರಾಜನನ್ನು ಎಲ್ಲರೂ ನೋಡುತ್ತಾರೆ, ಅಡಿಪಾಯದ ಸಾಲಿನಲ್ಲಿರುವ ಈ ಗಿಡ್ಡ ಕಾಲಿನ, ಡೊಳ್ಳು ಹೊಟ್ಟೆಯ ಮಂದಿಯನ್ನು ಯಾರೂ ನೋಡುವುದಿಲ್ಲ. ಅವರು ಕುಣಿಯುತ್ತಿದ್ದಾರೆ, ವಾದ್ಯ ಬಾರಿಸುತ್ತಿದ್ದಾರೆ. ಯಾರೂ ನೆಲ ನೋಡುತ್ತ ನಿಂತಿಲ್ಲ. ಶಿಲ್ಪಿ ಅವರನ್ನು ಕಂಡು ನಕ್ಕಿದ್ದರೂ ಪ್ರೀತಿಯಿಂದ ನಕ್ಕಿದ್ದಾನೆ. ನನ್ನ ತಕರಾರು ಒಂದೇ, ಅವರ ಸಾಲಿನಲ್ಲಿ ಒಬ್ಬ ಹೆಣ್ಣುಮಗಳೂ ನನ್ನ ಕಣ್ಣಿಗೆ ಬೀಳಲಿಲ್ಲ. ಡೊಳ್ಳು ಹೊಟ್ಟೆಯಿಂದ ಕುಣಿಯುವ ಹಕ್ಕು ಗಂಡಸರಿಗೆ ಮಾತ್ರವೇ?

ಅದನ್ನೇ ಮಕ್ಕಳಿಗೆ ಕೇಳಿದೆ. ಯಾರೂ ಮಾತಾಡಲಿಲ್ಲ. ಆಗ ಆ ಹುಡುಗಿ (ಈಗ ಹತ್ತನೆಯ ತರಗತಿ, ತೂಕ ನಾನು ಕೇಳಿಲ್ಲ) ಒಂದು ಗಣದ ಮುಂದೆ ನಿಂತು, ಅದು ಕೈ ಎತ್ತಿದಂತೆಯೇ ಕೈ ಎತ್ತಿ, ಕಾಲು ಮಡಿಚಿ ನಿಂತಳು. ಗೆಳತಿಯರೆಲ್ಲ ನಕ್ಕರು, ಅವಳೂ ನಕ್ಕಳು. ಮಧ್ಯಾಹ್ನ ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದಾಗ ಅವಳು ಎರಡು ರೊಟ್ಟಿ ತಿಂದು, ಮೂರನೆಯದಕ್ಕೆ ಕೈ ಚಾಚಿ, ನನ್ನ ಕಡೆ ನೋಡಿದಳು. ನಾನು ಆ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಕೊಟ್ಟೆ.