ಗೋಗಿಯ ಬಣವಿ, ಶಹಾಪುರದ ಗಾಡಿ

ಬೇಸಿಗೆ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಬಣವಿ ಸುಟ್ಟ ಸುದ್ದಿಗೆ ಬರವಿಲ್ಲ. ಊರು ಬದಲಾಗುತ್ತದೆ, ಕೊನೆಯ ಸಾಲು ಬದಲಾಗುವುದಿಲ್ಲ: ಗ್ರಾಮಸ್ಥರ ಸಮಯಪ್ರಜ್ಞೆಯಿಂದ ಭಾರಿ ಅನಾಹುತ ತಪ್ಪಿತು. ಗ್ರಾಮಸ್ಥರು ಓಡಿ ಬಂದದ್ದು ಸುಳ್ಳಲ್ಲ. ಅವರನ್ನು ಹೊಗಳಿ ಸುದ್ದಿ ಮುಗಿಸಿಬಿಡುವ ಈ ರೂಢಿಯ ಬಗ್ಗೆ ಮಾತ್ರ ನನಗೆ ತಕರಾರಿದೆ. ಮುಂದಿನ ವರ್ಷ ಅದೇ ಊರಲ್ಲಿ ಅದೇ ತರಹದ ಬೆಂಕಿಗೆ ಅದೇ ಜನ ಅದೇ ಕೊಡ ಹಿಡಿದು ಓಡುವಂತೆ ನೋಡಿಕೊಳ್ಳುವುದು ಈ ಹೊಗಳಿಕೆಯೇ.

ಗೋಗಿಯನ್ನೇ ತೆಗೆದುಕೊಳ್ಳಿ. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಹೋಬಳಿ ಊರು. ಚಂದಾ ಹುಸೇನಿ ದರ್ಗಾದ ಊರು, ಯೂಸುಫ್ ಆದಿಲ್ ಶಾಹ ಮತ್ತು ಅವನ ನಂತರದ ಬಿಜಾಪುರದ ಮೊದಲ ಸುಲ್ತಾನರು ಮಣ್ಣಾದ ಊರು. ಇತ್ತೀಚಿನವರಿಗೆ ಯುರೇನಿಯಂ ನಿಕ್ಷೇಪದಿಂದಾಗಿ ಗೊತ್ತು. ಇಷ್ಟೆಲ್ಲ ಇದ್ದರೂ ಬೆಂಕಿ ಬಿದ್ದರೆ ಫೈರ್ ಗಾಡಿಗಾಗಿ ಶಹಾಪುರದ ದಾರಿ ಕಾಯಬೇಕು. ಹನ್ನೆರಡು ಕಿಲೋಮೀಟರ್ ಆಸುಪಾಸು ಎಂದರೆ ದೂರವೇನಲ್ಲ ಅನ್ನಿಸಬಹುದು. ಗಾಡಿ ಠಾಣೆಯಲ್ಲೇ ಇದ್ದರೆ ಸರಿ. ಅದು ಆಗಲೇ ಇನ್ನೊಂದು ದಿಕ್ಕಿನ ಹಳ್ಳಿಗೆ ಹೋಗಿದ್ದರೆ, ಸುರಪುರದಿಂದಲೋ ಯಾದಗಿರಿಯಿಂದಲೋ ಬರಬೇಕಾದರೆ, ಆ ಲೆಕ್ಕ ಬೇರೆ. ಗ್ರಾಮೀಣ ಭಾಗದಲ್ಲಿ ಕರೆ ಬಂದ 20 ನಿಮಿಷದೊಳಗೆ ಗಾಡಿ ತಲುಪಬೇಕು, 50 ಚದರ ಕಿಲೋಮೀಟರಿಗೆ ಒಂದು ಠಾಣೆ ಇರಬೇಕು ಎಂಬುದು ಕೇಂದ್ರದ ಅಗ್ನಿ ಸಲಹಾ ಸಮಿತಿಯ ಮಾನದಂಡ. ಯಾದಗಿರಿ ಜಿಲ್ಲೆಯ ವಿಸ್ತೀರ್ಣ ಐದು ಸಾವಿರ ಚದರ ಕಿಲೋಮೀಟರಿಗೂ ಮೇಲು. ಆ ಲೆಕ್ಕದಲ್ಲಿ ನೂರು ಠಾಣೆ ಬೇಕು. ಇರುವುದನ್ನು ಎಣಿಸಲು ಒಂದು ಕೈಯ ಬೆರಳು ಸಾಕು. ಇನ್ನು ಐವತ್ತು ವರ್ಷ ಕಳೆದರೂ ನೂರಾಗುವುದಿಲ್ಲ. ಹಾಗಾಗಿ ಮೊದಲ ಅರ್ಧ ಗಂಟೆ ಊರಿನವರದೇ.

ಆ ಅರ್ಧ ಗಂಟೆಯಲ್ಲಿ ಏನಾಗುತ್ತದೆ? ಮಾರ್ಚ್ ತಿಂಗಳ ಮಧ್ಯಾಹ್ನ, ಊರ ಹೊರಗೆ ಸಾಲಾಗಿ ಒಟ್ಟಿದ ಜೋಳದ ಕಣಕಿ, ನೆಲ್ಲಿನ ಹುಲ್ಲು, ತೊಗರಿ ಹೊಟ್ಟು. ಜೋತುಬಿದ್ದ ತಂತಿ ಒಂದಕ್ಕೊಂದು ತಾಗಿ ಕಿಡಿ ಉದುರುತ್ತದೆ, ಇಲ್ಲವೇ ಯಾರೋ ಬೀಡಿ ಒಗೆದಿರುತ್ತಾರೆ. ಜನ ಕೊಡ, ಬಕೆಟ್ ಹಿಡಿದು ಬರುತ್ತಾರೆ, ಉರಿಯುವ ಬಣವಿಯ ಮೇಲೇ ನೀರು ಸುರಿಯುತ್ತಾರೆ. ಒತ್ತಾಗಿ ಒಟ್ಟಿದ ಹುಲ್ಲಿನ ಮೇಲೆ ನೀರು ಜಾರಿಹೋಗುತ್ತದೆ, ಒಳಗೆ ಇಳಿಯುವುದಿಲ್ಲ. ಮೇಲೆ ಉರಿ ಆರಿದಂತೆ ಕಂಡರೂ ಹೊಟ್ಟೆಯೊಳಗೆ ಕೆಂಡ ಇದ್ದೇ ಇರುತ್ತದೆ. ರಾತ್ರಿ ಗಾಳಿ ಎದ್ದಾಗ ಮತ್ತೆ ಹತ್ತಿಕೊಳ್ಳುತ್ತದೆ. ಇಂಥ ಬೆಂಕಿಯನ್ನು ನಂದಿಸಬೇಕಾದರೆ ಬಣವಿಯನ್ನು ಕೊಕ್ಕೆಯಿಂದಲೋ ಜೆಸಿಬಿಯಿಂದಲೋ ಎಳೆದು ಹರವಬೇಕು, ಹರವಿದ್ದಕ್ಕೆ ನೀರು ಹೊಡೆಯಬೇಕು. ಅದಕ್ಕೂ ಮುಂಚೆ ತಂತಿಯ ಕರೆಂಟ್ ತೆಗೆಸಬೇಕು, ಪಕ್ಕದ ಕೊಟ್ಟಿಗೆಯ ದನಗಳ ಕಣ್ಣಿ ಕೊಯ್ಯಬೇಕು.

ಎಲ್ಲಕ್ಕಿಂತ ಕಷ್ಟದ ಕೆಲಸ ಇನ್ನೊಂದಿದೆ. ಹತ್ತಿದ ಬಣವಿಯನ್ನು ಕೈಬಿಟ್ಟು, ಇನ್ನೂ ಹತ್ತದ ಪಕ್ಕದ ಎರಡಕ್ಕೆ ನೀರು ಹೊಡೆಯಿರಿ ಎಂದು ಯಾರಾದರೂ ಹೇಳಬೇಕು. ಬಣವಿಯ ಮಾಲೀಕ ಎದೆ ಬಡಿದುಕೊಂಡು ಅಲ್ಲೇ ನಿಂತಿರುವಾಗ, "ಕಾಕಾ, ನಿಮ್ಮದು ಹೋಯ್ತು, ಬಿಡ್ರಿ" ಅನ್ನುವ ಧೈರ್ಯ ಯಾರಿಗಿದೆ? ಅಂದವನ ಮೇಲೆ ನಾಳೆ ಹಗೆ ಬೀಳುತ್ತದೆ. ಬಣವಿ ಮೇಲ್ಜಾತಿಯವರದು, ಹೇಳುವವನು ಕೂಲಿಯವನು ಎಂದಾದರೆ ಮಾತು ಬಾಯಿಂದಲೇ ಹೊರಡುವುದಿಲ್ಲ. ಊರವರ ಸಹಾಯಕ್ಕೂ ಒಂದು ದಳಕ್ಕೂ ಇರುವ ಫರಕು ನನಗೆ ಕಾಣುವುದು ಇಲ್ಲಿ. ಬೆಂಕಿಯ ಮುಂದೆ ಯಾರ ಮಾತು ನಡೆಯಬೇಕು ಎಂಬುದನ್ನು ದಳ ಮೊದಲೇ ಇತ್ಯರ್ಥ ಮಾಡಿಟ್ಟಿರುತ್ತದೆ.

ಬೆಂಜಮಿನ್ ಫ್ರಾಂಕ್ಲಿನ್ 1736ರಲ್ಲಿ ಫಿಲಡೆಲ್ಫಿಯಾದಲ್ಲಿ ಕಟ್ಟಿದ ಯೂನಿಯನ್ ಫೈರ್ ಕಂಪನಿಯ ಕಥೆಯನ್ನು ಸೇವಾಭಾವದ ಕಥೆಯಾಗಿ ಹೇಳುವವರೇ ಹೆಚ್ಚು. ಅದರ ಕರಾರುಗಳನ್ನು ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ. ಸದಸ್ಯರು ಮೂವತ್ತು ಜನ. ಪ್ರತಿಯೊಬ್ಬನೂ ಚರ್ಮದ ಬಕೆಟ್‌ಗಳನ್ನು, ಸಾಮಾನು ತುಂಬಿ ಸಾಗಿಸುವ ಚೀಲಗಳನ್ನು ಸದಾ ಸಿದ್ಧ ಇಟ್ಟಿರಬೇಕು. ತಿಂಗಳಿಗೊಮ್ಮೆ ಸಭೆ. ಬಾರದವನಿಗೆ ದಂಡ. ಆ ದಂಡದ ದುಡ್ಡಲ್ಲೇ ಪಂಪು, ಏಣಿ, ಕೊಕ್ಕೆ ಬಂದವು. ಒಳ್ಳೆಯತನವನ್ನು ನಂಬಿಕೊಂಡು ಕೂತಿದ್ದರೆ ಏಣಿ ಬರುತ್ತಿರಲಿಲ್ಲ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. 1964ರ ರಾಜ್ಯ ಅಗ್ನಿಶಾಮಕ ದಳ ಅಧಿನಿಯಮದಲ್ಲೇ ಸ್ವಯಂಸೇವಕರನ್ನು ಸೇರಿಸಿಕೊಂಡು ಸಹಾಯಕ ದಳ ಕಟ್ಟುವ ಅಧಿಕಾರ ಸರ್ಕಾರಕ್ಕಿದೆ. ಸಂವಿಧಾನದಲ್ಲಿ ಮಾತ್ರ ಒಂದು ವಿಚಿತ್ರ ಬಿಡುವು ಇದೆ. ಪಟ್ಟಣಗಳಿಗೆ ಸಂಬಂಧಿಸಿದ ಹನ್ನೆರಡನೇ ಅನುಸೂಚಿಯ 18 ವಿಷಯಗಳಲ್ಲಿ ಅಗ್ನಿಶಾಮಕ ಸೇವೆ ಏಳನೆಯದು. ಪಂಚಾಯಿತಿಗಳ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಮೀನುಗಾರಿಕೆ ಇದೆ, ಗ್ರಂಥಾಲಯ ಇದೆ, ಸಂತೆ ಜಾತ್ರೆಯೂ ಇದೆ, ಬೆಂಕಿ ಇಲ್ಲ. ಹುಲ್ಲು, ಕಟ್ಟಿಗೆ, ಜೋಪಡಿ ಇರುವುದು ಪಟ್ಟಣದಲ್ಲೇ ಎಂದು ತಿಳಿದಿದ್ದರೋ ಏನೋ. ಬೆಂಕಿ ಆದ ಮೇಲೆ ಪರಿಹಾರ ಕೊಡಲು ವಿಪತ್ತು ನಿಧಿಯ ಪಟ್ಟಿಯಲ್ಲಿ ಅದಕ್ಕೆ ಜಾಗವಿದೆ. ಆಗುವ ಮುಂಚಿನ ಜವಾಬ್ದಾರಿ ಯಾವ ಗ್ರಾಮ ಪಂಚಾಯಿತಿಯ ಮೇಲೂ ಬರೆದಿಟ್ಟಿಲ್ಲ.

ಸ್ವಯಂಸೇವೆಯ ಹೆಸರಲ್ಲಿ ನಾವು ಮಾಡಿದ ಎರಡು ಪ್ರಯೋಗಗಳು ಕಣ್ಣೆದುರಿಗಿವೆ. ಮೊದಲನೆಯದು ಗೃಹರಕ್ಷಕ ದಳ. ಬೇರೆ ಕಸುಬಿರುವ ನಾಗರಿಕ ಬಿಡುವಿನಲ್ಲಿ ಊರಿಗೆ ಒದಗಲಿ ಎಂದು ಕಟ್ಟಿದ್ದು. ಈಗ ಅದು ಬಂದೋಬಸ್ತಿಗೆ, ಚುನಾವಣೆಗೆ, ಟ್ರಾಫಿಕ್ಕಿಗೆ ಅಗ್ಗದ ಕೂಲಿಯಾಗಿದೆ. ದಿನಭತ್ಯೆ ಪೊಲೀಸರ ಕನಿಷ್ಠ ವೇತನಕ್ಕೆ ಸಮವಾಗಿರಬೇಕೆಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಎರಡನೆಯದು ವಿಪತ್ತಿನಲ್ಲಿ ನೆರವಾಗಲು ಸ್ವಯಂಸೇವಕರನ್ನು ತಯಾರು ಮಾಡುವ ಕೇಂದ್ರದ ಯೋಜನೆ, ಆಪದ ಮಿತ್ರ. 2016ರಲ್ಲಿ ಪ್ರವಾಹಪೀಡಿತ 30 ಜಿಲ್ಲೆಗಳಿಂದ ಶುರುವಾಗಿ, 2021ರಲ್ಲಿ 350 ಜಿಲ್ಲೆಗಳ ಒಂದು ಲಕ್ಷ ಜನರ ಗುರಿಗೆ ಬೆಳೆಯಿತು. ತರಬೇತಿ, ಕಿಟ್, ವಿಮೆ ಮೂರೂ ಇರುವ ಈ ಯೋಜನೆಗೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಅದರ ಕೊರತೆ ಒಂದೇ: ಪಟ್ಟಿ ಜಿಲ್ಲೆಯದು, ಊರಿನದಲ್ಲ. ಕೃಷ್ಣೆಗೆ ನೆರೆ ಬಂದಾಗ ಅದು ನಡೆದೀತು, ನಾರಾಯಣಪುರದಿಂದ ನೀರು ಬಿಟ್ಟ ಸುದ್ದಿ ಕೊಳ್ಳೂರು ಸೇತುವೆ ಮುಳುಗುವ ಮೊದಲೇ ತಲುಪುತ್ತದೆ. ಬೆಂಕಿ ಮುನ್ಸೂಚನೆ ಕೊಡುವುದಿಲ್ಲ. ಜಿಲ್ಲೆಯ ಮೂಲೆಯಲ್ಲಿರುವ ತರಬೇತಾದ ಒಬ್ಬ ಹುಡುಗನಿಂದ ಗೋಗಿಯ ಬಣವಿ ಉಳಿಯುವುದಿಲ್ಲ.

ಪಕ್ಕದ ಕೇರಳ 2018ರ ಪ್ರವಾಹದ ನಂತರ ಇದನ್ನು ಬೇರೆ ರೀತಿಯಲ್ಲಿ ಮಾಡಿತು. 124 ಅಗ್ನಿಶಾಮಕ ಠಾಣೆಗಳು, ಠಾಣೆಗೆ 50 ಜನರಂತೆ 6,200 ಸ್ವಯಂಸೇವಕರು. ಕನ್ನಡಿಗರಿರುವ ಕಾಸರಗೋಡು, ಉಪ್ಪಳದ ಠಾಣೆಗಳೂ ಈ ವ್ಯವಸ್ಥೆಯೊಳಗೇ ಬರುತ್ತವೆ. ಸ್ವಯಂಸೇವಕನಿಗೆ ಗೊತ್ತಿರುವ ಠಾಣೆ, ಠಾಣೆಗೆ ಗೊತ್ತಿರುವ ಸ್ವಯಂಸೇವಕ. ನಮಗೆ ಹೊಂದುವ ಮಾದರಿ ಇದೇ.

ಹಾಗೆಂದು ಅದನ್ನು ಹಾಗೆಯೇ ಎತ್ತಿ ತಂದು ಇಲ್ಲಿ ನೆಟ್ಟರೆ ಬೇರೂರುವುದಿಲ್ಲ, ಗುಳೆ ಇರುವ ಸೀಮೆ ನಮ್ಮದು. ಹತ್ತಿ ಬಿಡಿಸಿ, ತೊಗರಿ ರಾಶಿ ಮುಗಿದ ಮೇಲೆ ದುಡಿಯುವ ವಯಸ್ಸಿನವರು ಬೆಂಗಳೂರು, ಹೈದರಾಬಾದ್, ಮುಂಬೈ ಕಡೆ ಹೊರಡುತ್ತಾರೆ. ಬೆಂಕಿಯ ಕಾಲವೂ ಅದೇ. ಹದಿನೆಂಟರಿಂದ ನಲವತ್ತರ ಗಂಡಸರನ್ನು ಪಟ್ಟಿ ಮಾಡಿ ಟೀಶರ್ಟ್ ಹಂಚಿದರೆ ಏಪ್ರಿಲ್‌ನಲ್ಲಿ ಆ ಟೀಶರ್ಟುಗಳು ಬೆಂಗಳೂರಿನ ಕಟ್ಟಡಗಳ ಮೇಲೆ ಇರುತ್ತವೆ. ಜಪಾನಿನ ಹಳ್ಳಿಗಳ ಅಗ್ನಿದಳಗಳನ್ನು ಸೊರಗಿಸಿದ್ದೂ ಹರೆಯದವರು ಊರು ಬಿಟ್ಟದ್ದೇ. ಒಂದು ಕಾಲಕ್ಕೆ ಇಪ್ಪತ್ತು ಲಕ್ಷದಷ್ಟಿದ್ದ ಸದಸ್ಯರು ಈಗ ಎಂಟು ಲಕ್ಷಕ್ಕೂ ಕಡಿಮೆ. ಹೀಗಾಗಿ ಗೋಗಿಯ ದಳಕ್ಕೆ ಬೇಕಾದವರು ಬೇಸಿಗೆಯಲ್ಲೂ ಊರಲ್ಲಿ ಉಳಿಯುವವರು. ಪಂಚಾಯಿತಿಯ ವಾಟರ್‌ಮನ್, ಜೆಸ್ಕಾಂ ಲೈನ್‌ಮನ್, ಟ್ಯಾಂಕರ್ ಇರುವ ಟ್ರ್ಯಾಕ್ಟರಿನ ಚಾಲಕ, ಹತ್ತಿಗೆ ಎಣ್ಣೆ ಹೊಡೆಯುವ ಪಂಪ್ ಇರುವ ರೈತ, ಕಿರಾಣಿ ಅಂಗಡಿಯವ, ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಹೆಣ್ಣುಮಕ್ಕಳನ್ನು ಕೊನೆಗೆ ಹೇಳಿದೆ, ಪಟ್ಟಿಯಲ್ಲಿ ಅವರು ಮೊದಲಿರಬೇಕು. ಸಿಲಿಂಡರಿನ ರೆಗ್ಯುಲೇಟರ್ ತೆಗೆಯುವುದು, ಹಸಿ ಗೋಣಿಚೀಲ ಹೊದಿಸುವುದು, ಯಾವ ಮನೆಯಲ್ಲಿ ಕೂಸು ಮಲಗಿದೆ, ಯಾವ ಅಜ್ಜಿ ಎದ್ದು ಓಡಲಾರಳು ಎಂಬುದು ಅವರಿಗಷ್ಟೇ ಗೊತ್ತಿರುತ್ತದೆ.

ಇಷ್ಟು ಜಾತಿ, ಇಷ್ಟು ಓಣಿಗಳನ್ನು ಒಂದು ಶಿಸ್ತಿಗೆ ತರುವುದು ಆಗದ ಮಾತು ಎನ್ನುವವರು ನಮ್ಮ ಕಡೆಯ ಮೊಹರಂ ನೋಡಲಿ. ಅಲಾಯಿ ಕುಣಿ ತೋಡುವವರು ಯಾರು, ಕಟ್ಟಿಗೆ ಯಾರ ಮನೆಯದು, ಕೆಂಡದ ಸುತ್ತ ಮಕ್ಕಳನ್ನು ಹಿಂದೆ ಸರಿಸುವವರು ಯಾರು ಎಂಬುದೆಲ್ಲ ಎಲ್ಲ ಕೋಮಿನವರ ನಡುವೆ ತಲೆತಲಾಂತರದಿಂದ ಗೊತ್ತಾದ ಸಂಗತಿ. ಬೆಂಕಿ ಹಚ್ಚುವುದಕ್ಕೆ ಇರುವ ಪಾಳಿ ಆರಿಸುವುದಕ್ಕೂ ಬರಬಹುದು.

ಒಂದು ಆಕ್ಷೇಪಕ್ಕೆ ಮಾತ್ರ ನನ್ನ ಪೂರ್ಣ ಒಪ್ಪಿಗೆಯಿದೆ. ಊರವರೇ ದಳ ಕಟ್ಟಿಕೊಂಡರೆ ಸರ್ಕಾರ ಕೈತೊಳೆದುಕೊಳ್ಳುತ್ತದೆ ಎಂಬ ಭಯ ಸುಳ್ಳಲ್ಲ, ಗೃಹರಕ್ಷಕರ ಕಥೆಯೇ ಸಾಕ್ಷಿ. ಹಾಗಾಗಿ ವಿಮೆ ಇಲ್ಲದೆ, ಕೈಗವಸು ಹೆಲ್ಮೆಟ್ ಇಲ್ಲದೆ, ಠಾಣೆಯ ತರಬೇತಿ ಇಲ್ಲದೆ ಯಾರೂ ಹೆಸರು ಬರೆಸಬಾರದು. ಸುಟ್ಟ ಕೈಗೆ ಶಾಲು ಹೊದಿಸುವ ಸನ್ಮಾನ ನಮಗೆ ಬೇಡ.

ಏಪ್ರಿಲ್ 14ರಿಂದ ಒಂದು ವಾರ ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಮುಂಬೈ ಬಂದರಿನ ಸ್ಫೋಟದಲ್ಲಿ ಜೀವ ಕೊಟ್ಟ ಅಗ್ನಿಶಾಮಕರ ನೆನಪಿಗೆ ಮಾಡುವುದು. ಠಾಣೆಯವರು ಪ್ರಾತ್ಯಕ್ಷಿಕೆ ಕೊಡುವ ದಿನಗಳವು. ಅಷ್ಟರೊಳಗೆ ಗೋಗಿಯ ಗ್ರಾಮಸಭೆಯಲ್ಲಿ ಒಂದು ಠರಾವು ಮಾಡಿ, ಬೇಸಿಗೆಯಲ್ಲಿ ಊರಲ್ಲಿರುವ ಇಪ್ಪತ್ತೈದು ಜನರ ಹೆಸರು, ಫೋನ್ ನಂಬರ್ ಬರೆದು ಶಹಾಪುರ ಠಾಣೆಗೆ ಕೊಟ್ಟು ಬನ್ನಿ. ಕೊಟ್ಟ ಅರ್ಜಿಗೆ ಸ್ವೀಕೃತಿ ಬರೆಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.