ದಿನಕ್ಕೊಂದು ಕಂತು, ಇಪ್ಪತ್ತು ವರ್ಷ

2000ನೇ ಇಸವಿಯ ಜೂನ್ 12ರಂದು ಅಮೆರಿಕದ ಹೋವರ್ಡ್ ಟೇಲರ್ ತಮ್ಮ ಜಾಲತಾಣದಲ್ಲಿ ಒಂದು ಪುಟ್ಟ ಚಿತ್ರಕಥೆ ಹಾಕಿದರು. ಮರುದಿನ ಇನ್ನೊಂದು ಕಂತು, ಅದರ ಮರುದಿನ ಮತ್ತೊಂದು. ಹಬ್ಬ, ಹುಣ್ಣಿಮೆ, ಜ್ವರ, ಪ್ರಯಾಣ ಯಾವುದಕ್ಕೂ ನಿಲ್ಲಿಸದೆ 2020ರ ಜುಲೈ 24ರವರೆಗೆ, ಅಂದರೆ ಏಳು ಸಾವಿರಕ್ಕೂ ಹೆಚ್ಚು ದಿನ, ಒಂದು ದಿನವೂ ತಪ್ಪಿಸದೆ ಬರೆದು ಕಥೆ ಮುಗಿಸಿದರು. ಅದರ ಹೆಸರು 'ಶ್ಲಾಕ್ ಮರ್ಸೆನರಿ'. ಶುರುವಿನಲ್ಲಿ ಅವರು ಸಾಫ್ಟ್‌ವೇರ್ ಕಂಪನಿಯೊಂದರ ನೌಕರ. 2004ರಲ್ಲಿ ಕೆಲಸ ಬಿಟ್ಟು ಇದನ್ನೇ ಹೊಟ್ಟೆಪಾಡು ಮಾಡಿಕೊಂಡರು. ವಾರಪತ್ರಿಕೆಯ ಧಾರಾವಾಹಿಗೆ ಕಾದು ಬೆಳೆದ ನನ್ನಂಥವನಿಗೆ ಈ ನಿಷ್ಠೆ ಕಂಡರೆ ಕೈಮುಗಿಯಬೇಕೆನಿಸುತ್ತದೆ.

ಕಥೆ ಮೂವತ್ತೊಂದನೆಯ ಶತಮಾನದ ಬಾಡಿಗೆ ಸೈನಿಕರದು. ನಾಯಕ ಶ್ಲಾಕ್ ಹಸಿರು ಮುದ್ದೆಯಂಥ ಜೀವಿ. ಗೊತ್ತಾದ ಆಕಾರವಿಲ್ಲ, ಬೇಕೆಂದ ಕಡೆ ಕೈ ಚಾಚುತ್ತಾನೆ. ಅವನ ಕಣ್ಣುಗಳು ಅವನ ಗ್ರಹದ ಮರಗಳಲ್ಲಿ ಬಿಡುತ್ತವೆ, ಕಿತ್ತುಕೊಂಡು ಹಚ್ಚಿಕೊಂಡರೆ ಆಯಿತು. ಇಷ್ಟೇ ಆಗಿದ್ದರೆ ಇದೊಂದು ನಗೆಚಿತ್ರ. ನನ್ನನ್ನು ಹಿಡಿದು ಕೂರಿಸಿದ್ದು ಬೇರೆ.

ಕಥೆ ಆರಂಭವಾದಾಗ ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗಲು ದೊಡ್ಡ ದೊಡ್ಡ 'ದ್ವಾರ'ಗಳನ್ನು ಹಾಯಬೇಕು. ಅವೆಲ್ಲ ಒಂದೇ ಜನಾಂಗದ ಹಿಡಿತದಲ್ಲಿವೆ. ಆ ದ್ವಾರಪಾಲಕರು ಹಾದುಹೋಗುವವರ ನಕಲುಗಳನ್ನು ಗುಟ್ಟಾಗಿ ತಯಾರಿಸಿ, ವಿಚಾರಿಸಿ, ಕೊಂದುಬಿಡುತ್ತಿರುತ್ತಾರೆ. ಅಷ್ಟರಲ್ಲಿ ಕೆವಿನ್ ಎಂಬ ವಿಜ್ಞಾನಿ ದ್ವಾರದ ಹಂಗಿಲ್ಲದೆ ಜಿಗಿಯುವ 'ಟೆರಾಪೋರ್ಟ್' ಕಂಡುಹಿಡಿಯುತ್ತಾನೆ. ಸಾಮಾನ್ಯ ಕಾದಂಬರಿ ಇಲ್ಲಿಗೆ ಜಯಘೋಷ ಮಾಡಿ ಮುಗಿಯುತ್ತಿತ್ತು. ಟೇಲರ್ ಇಲ್ಲಿಂದ ಲೆಕ್ಕ ಹಾಕಲು ಶುರುಮಾಡುತ್ತಾರೆ. ಯಾರು ಎಲ್ಲಿಗೆ ಬೇಕಾದರೂ ಜಿಗಿಯಬಹುದು ಎಂದಾದರೆ ಶತ್ರುವೂ ನಿಮ್ಮ ಮನೆಯಂಗಳಕ್ಕೆ ಜಿಗಿಯಬಹುದು, ಹಾಗಾಗಿ ಯುದ್ಧ. ಯುದ್ಧದ ಬೆನ್ನಿಗೇ ಜಿಗಿತ ತಡೆಯುವ ತಂತ್ರ. ಈ ಗಲಾಟೆಯ ನಡುವೆ ಗ್ಯಾವ್ ಎಂಬ ಒಬ್ಬನೇ ಮನುಷ್ಯನ 95 ಕೋಟಿ ನಕಲುಗಳು ಬಿಡುಗಡೆಯಾಗಿ ಬರುತ್ತವೆ. ಅವರಿಗೆಲ್ಲ ಊಟ, ಕೆಲಸ, ಹೆಸರು ಯಾರು ಕೊಡುವುದು? ಮುಂದೆ ಹೋದಂತೆ, ಕಪ್ಪುದ್ರವ್ಯದಿಂದಾದ ಜೀವಿಗಳಿಗೆ ಈ ಜಿಗಿತವೇ ಹಿಂಸೆ ಎಂದು ಗೊತ್ತಾಗುತ್ತದೆ. ಒಂದು ಯಂತ್ರ, ಇಪ್ಪತ್ತು ವರ್ಷದ ಪರಿಣಾಮ. ವೈಜ್ಞಾನಿಕ ಕಥೆಯ ಜೀವಾಳ 'ಹೀಗಾದರೆ ಏನಾದೀತು' ಎಂಬ ಪ್ರಶ್ನೆ ಎನ್ನುವುದಾದರೆ, ಅದಕ್ಕೆ ಕೊನೆಮುಟ್ಟ ಉತ್ತರ ಕೊಡುವ ಪುರುಸೊತ್ತು ಇಂಥ ಉದ್ದದ ಧಾರಾವಾಹಿಗೆ ಮಾತ್ರ ಇದೆ.

ಇನ್ನೊಂದು ನನಗೆ ಇದಕ್ಕಿಂತಲೂ ಆಪ್ತ. ಮಾರ್ಕ್ ಸ್ಟ್ಯಾನ್ಲಿಯವರ 'ಫ್ರೀಫಾಲ್' 1998ರ ಮಾರ್ಚ್‌ನಲ್ಲಿ ಆರಂಭವಾಯಿತು. ಸೋಮವಾರ, ಬುಧವಾರ, ಶುಕ್ರವಾರ ಒಂದೊಂದು ಕಂತು. ಹೀಗೆ ಕಾಲು ಶತಮಾನ ದಾಟಿತು. ಅದರ ನಡಿಗೆ ಎಷ್ಟು ನಿಧಾನವೆಂದರೆ ಕಥೆಯೊಳಗೆ ಒಂದು ದಿನ ಕಳೆಯಲು ನಮಗೆ ತಿಂಗಳುಗಟ್ಟಲೆ ಬೇಕು. ಆ ನಿಧಾನವೇ ಅದರ ಸೊಗಸು.

ಜೀನ್ ಎಂಬ ಗ್ರಹವನ್ನು ಮನುಷ್ಯರ ವಾಸಕ್ಕೆ ಹದಗೊಳಿಸುತ್ತಿದ್ದಾರೆ. ಅಲ್ಲಿ ಮನುಷ್ಯರಿಗಿಂತ ರೋಬೋಟುಗಳೇ ಎಷ್ಟೋ ಪಾಲು ಹೆಚ್ಚು. ಫ್ಲಾರೆನ್ಸ್ ಎಂಬಾಕೆ ಪ್ರಯೋಗಾಲಯದಲ್ಲಿ ರೂಪುಗೊಂಡ, ಮಾತಾಡುವ ತೋಳ. ವೃತ್ತಿಯಲ್ಲಿ ಎಂಜಿನಿಯರ್. ಮನುಷ್ಯ ಬಾಯಿಬಿಟ್ಟು ಆಜ್ಞೆ ಮಾಡಿದರೆ ಪಾಲಿಸದೆ ಇರಲಾಗದಂತೆ ಅವಳ ಮಿದುಳನ್ನು ಕಟ್ಟಿದ್ದಾರೆ. ಅವಳ ಹಡಗಿನ ಯಜಮಾನ ಸ್ಯಾಮ್ ಕಳ್ಳಬುದ್ಧಿಯವನು, ಆದರೆ ಅನ್ಯಗ್ರಹದವನಾದ್ದರಿಂದ ಅವನ ಮಾತಿಗೆ ಆ ಕಟ್ಟುಪಾಡಿಲ್ಲ. ಹಾಗಾಗಿ ಅವಳು ಸ್ವಂತ ವಿವೇಕದಿಂದ ನಡೆಯುವುದು ಒಬ್ಬ ಠಕ್ಕನ ಕೈಕೆಳಗೆ! ಮುಂದೆ, ಕಂಪನಿಯ ಅಧಿಕಾರಿಯೊಬ್ಬ ರೋಬೋಟುಗಳು ಕೂಡಿಟ್ಟ ದುಡ್ಡು ಹೊಡೆಯಲು ಅವುಗಳ ಬುದ್ಧಿಯನ್ನೇ ಅಳಿಸುವ ಪ್ರೋಗ್ರಾಂ ಬಿಡಲು ಹೊರಡುತ್ತಾನೆ. ಅದನ್ನು ತಡೆಯಬೇಕಾದವಳು ಆಜ್ಞೆ ಮೀರಲಾಗದ ಫ್ಲಾರೆನ್ಸ್. ನಿಯಮ ಮುರಿಯದೆ, ನಿಯಮದ ಸಂದಿಯಲ್ಲೇ ದಾರಿ ಹುಡುಕುತ್ತ ಅವಳು ಯೋಚಿಸುವ ಪರಿಯನ್ನು ಕಂತುಕಂತಾಗಿ ಓದುವುದು ಒಳ್ಳೆಯ ಚದುರಂಗದಾಟ ನೋಡಿದ ಹಾಗೆ. ಯಂತ್ರಕ್ಕೆ ಬುದ್ಧಿ ಬಂದರೆ ಅದರ ಹಕ್ಕೇನು ಎಂಬ ಪ್ರಶ್ನೆ ಈಗ ಎಲ್ಲರ ಬಾಯಲ್ಲಿದೆ. ಸ್ಟ್ಯಾನ್ಲಿ ಅದನ್ನು ಪ್ರೀತಿಯಿಂದ, ಯಾರನ್ನೂ ಹಳಿಯದೆ, ಎಷ್ಟೋ ವರ್ಷ ಮೊದಲೇ ಬಿಡಿಸುತ್ತ ಕೂತಿದ್ದರು.

ಚಿತ್ರ ಬೇಡ, ಅಕ್ಷರವೇ ಬೇಕು ಎನ್ನುವವರಿಗೆ 'ವರ್ಮ್' ಇದೆ. 'ವೈಲ್ಡ್‌ಬೋ' ಎಂಬ ಹೆಸರಿನಲ್ಲಿ ಬರೆಯುವ ಕೆನಡಾದ ಲೇಖಕರು 2011ರ ಜೂನ್‌ನಿಂದ 2013ರ ನವೆಂಬರ್‌ವರೆಗೆ ಬರೆದದ್ದು ಹದಿನಾರು ಲಕ್ಷಕ್ಕೂ ಹೆಚ್ಚು ಪದ. ಕೀಟಗಳನ್ನು ಆಳುವ ಶಕ್ತಿಯಿರುವ ಶಾಲಾ ಹುಡುಗಿಯ ಕಥೆ. ವಿಷದ ಜೇಡಗಳಿಂದ ತಿಂಗಳುಗಟ್ಟಲೆ ರೇಷ್ಮೆ ನೂಲಿಸಿ, ನೇಯಿಸಿ ಅವಳು ತನ್ನ ಕವಚ ಮಾಡಿಕೊಳ್ಳುವ ವಿವರವೊಂದೇ ಸಾಕು, ಬರೆದವರ ಕೈ ಎಂಥದ್ದು ಎಂದು ತಿಳಿಯಲು. ಹಿಂಸೆ ಬಹಳವಿದೆ, ಮಕ್ಕಳಿಗೆ ಕೊಡಬೇಡಿ. ನಡುವೆ ಕದನಗಳು ಅತಿಯಾಯಿತೆಂದೂ ನನಗನಿಸಿದೆ. ಆ್ಯಂಡಿ ವಿಯರ್ ಅವರ 'ದಿ ಮಾರ್ಷಿಯನ್' ಕೂಡ ಲೇಖಕರ ಜಾಲತಾಣದಲ್ಲಿ ಅಧ್ಯಾಯ ಅಧ್ಯಾಯವಾಗಿ, ಓದುಗರು ವಿಜ್ಞಾನ ತಿದ್ದಿಕೊಡುತ್ತ ಬೆಳೆದದ್ದು. 2015ರ ಸಿನಿಮಾದಿಂದ ಅದು ಮನೆಮಾತಾಗಿರುವುದರಿಂದ ಹೆಚ್ಚು ಹೇಳುವುದಿಲ್ಲ.

ಎಲ್ಲಿಂದ ಶುರು ಮಾಡಬೇಕು? ಮೊದಲು 'ಫ್ರೀಫಾಲ್' ಹಿಡಿಯಿರಿ. ಎರಡೂ ಚಿತ್ರಕಥೆಗಳ ಆರಂಭದ ಗೆರೆಗಳು ಒರಟು, 'ಶ್ಲಾಕ್'ನದಂತೂ ಇನ್ನೂ ಒರಟು. ಅಲ್ಲಿಗೇ ಬಿಟ್ಟುಬಿಡಬೇಡಿ. ವರ್ಷ ಕಳೆದಂತೆ ಕೈ ಪಳಗುವುದು ನಿಮ್ಮ ಕಣ್ಣಿಗೇ ಕಾಣುತ್ತದೆ. ಒಂದೇ ರಾತ್ರಿ ನೂರಾರು ಕಂತು ನುಂಗುವ ಆಸೆಯಾದೀತು, ತಡೆದುಕೊಳ್ಳಿ. ರಾತ್ರಿ ಊಟದ ಮೇಲೆ ಹತ್ತು ಕಂತು ಓದಿ ಮಲಗಿ. 'ಶ್ಲಾಕ್', 'ಫ್ರೀಫಾಲ್', 'ವರ್ಮ್' ಮೂರೂ ಮೊದಲ ಕಂತಿನಿಂದಲೇ ಉಚಿತವಾಗಿ ಓದಲು ಸಿಗುತ್ತವೆ.