ಸಾರಿಗೆ ಯಾರೂ ರಿವ್ಯೂ ಬರೆಯಲ್ಲ

ಯಾವ ಹೋಟೆಲಿನ ಬೆಣ್ಣೆ ದೋಸೆ ಚೆನ್ನಾಗಿದೆ ಅನ್ನೋ ವಿಷಯಕ್ಕೆ ನಮ್ಮ ಆಫೀಸಿನಲ್ಲಿ ಅರ್ಧ ಗಂಟೆ ಜಗಳ ಆಗುತ್ತೆ. ಹಿಟ್ಟು ಹುಳಿ ಬಂದಿತ್ತಾ, ಚಟ್ನಿಗೆ ಹುರಿಗಡಲೆ ಜಾಸ್ತಿ ಬಿತ್ತಾ, ಪಲ್ಯದಲ್ಲಿ ಈರುಳ್ಳಿ ಬೆಂದಿತ್ತಾ, ಎಲ್ಲದರಲ್ಲೂ ಎಲ್ಲರೂ ಪರಿಣತರೇ. ಅದೇ ಜನರನ್ನು ‘ನಿನ್ನೆ ರಾತ್ರಿ ಮನೇಲಿ ಏನು ಊಟ?’ ಅಂತ ಕೇಳಿ ನೋಡಿ. ‘ಏನಿಲ್ಲ, ಅನ್ನ ಸಾರು’ ಅಂತಾರೆ. ಆ ‘ಏನಿಲ್ಲ’ದ ಮೇಲೆ ನನ್ನ ತಕರಾರು.

ವರ್ಷಕ್ಕೆ ಹತ್ತು ಸಲ ತಿನ್ನೋ ದೋಸೆಗೆ ಐದರಲ್ಲಿ ಎಷ್ಟು ಸ್ಟಾರ್ ಅಂತ ಲೆಕ್ಕ ಹಾಕುತ್ತೇವೆ. ಮುನ್ನೂರು ಸಲ ಉಣ್ಣೋ ಸಾರಿನ ಬಗ್ಗೆ ನಮ್ಮ ಹತ್ತಿರ ಇರೋದು ಎರಡೇ ಮಾತು: ‘ಚೆನ್ನಾಗಿದೆ’, ಇಲ್ಲವೇ ‘ಉಪ್ಪು ಕಮ್ಮಿ’. ಮನೆ ಅಡುಗೆಯನ್ನು ವಿಮರ್ಶೆ ಮಾಡೋದು ಅಂದ್ರೆ ಕೊಂಕು ತೆಗೆಯೋದು ಅಂತ ಅಂದುಕೊಂಡುಬಿಟ್ಟಿದ್ದೇವೆ. ಹೊಗಳಬೇಕು, ಇಲ್ಲ ಸುಮ್ಮನೆ ಉಂಡು ಏಳಬೇಕು. ಮನೆ ಬಿಟ್ಟು ಪಿಜಿ ಸೇರಿದ ಮೇಲಂತೂ ಹೊಗಳಿಕೆ ಭಜನೆಯೇ ಆಗಿಹೋಗುತ್ತೆ: ‘ಆಹಾ, ಅಮ್ಮನ ಕೈರುಚಿ!’

ಈ ‘ಕೈರುಚಿ’ ಅನ್ನೋ ಪದ ನೋಡಿ. ಪ್ರೀತಿಯ ಮಾತೇ. ಆದರೆ ರುಚಿ ಕೈಯಿಂದ ತಾನಾಗಿ ಸೋರುತ್ತೆ ಅನ್ನೋ ಥರ ಇದೆ. ಒಂದು ಸಾದಾ ಬೇಳೆ ಸಾರಿನಲ್ಲಿ ಎಷ್ಟು ತೀರ್ಮಾನಗಳಿವೆ ಎಣಿಸಿ. ಬೇಳೆ ಪೂರಾ ಕರಗಬೇಕಾ, ಬರೀ ಕಟ್ಟು ಬಸಿದುಕೊಳ್ಳಬೇಕಾ? ಹುಣಸೆಹಣ್ಣು ಹೊಸದಾ, ಹಳೆಯದಾ? ಹಳೆಯದಾದರೆ ಸಾರಿನ ಬಣ್ಣ ಕಪ್ಪಾಗುತ್ತೆ. ಅದರ ರಸವನ್ನು ಹಸಿ ವಾಸನೆ ಹೋಗೋವರೆಗೆ ಕುದಿಸಿ ಆಮೇಲೆ ಬೇಳೆ ಬೆರೆಸಬೇಕು. ಬ್ಯಾಡಗಿ ಮೆಣಸಿನಕಾಯಿ ಬಣ್ಣ ಕೊಡುತ್ತೆ, ಖಾರ ಕಡಿಮೆ. ಗುಂಟೂರಿನದು ಖಾರ ಕೊಡುತ್ತೆ. ಯಾವುದು ಎಷ್ಟು ಪಾಲು? ಮೆಂತ್ಯ ಚೂರು ಹೆಚ್ಚು ಹುರಿದರೂ ಪುಡಿಯೆಲ್ಲ ಕಹಿ. ಬೇಳೆ ಬಿದ್ದ ಮೇಲೆ ನೊರೆ ಎದ್ದಾಗ ಇಳಿಸಬೇಕು, ಕುದಿಯೋಕೆ ಬಿಟ್ಟರೆ ಘಮ ಹಾರಿಹೋಗುತ್ತೆ. ಇಷ್ಟನ್ನೂ ಬೆಳಗ್ಗೆ ಎಂಟರೊಳಗೆ, ಡಬ್ಬಿ ಕಟ್ಟುತ್ತಾ, ಮಗುವಿನ ಸಾಕ್ಸ್ ಹುಡುಕುತ್ತಾ ತೀರ್ಮಾನ ಮಾಡೋರಿಗೆ ನಾವು ಕೊಡೋ ಸರ್ಟಿಫಿಕೇಟಿನಲ್ಲಿ ತಲೆಗೆ ಜಾಗ ಇಲ್ಲ, ಕೈಗೆ ಮಾತ್ರ ಇದೆ.

ವಿಮರ್ಶೆಗೆ ಪದಗಳಿಲ್ಲ ಅನ್ನೋ ಹಾಗೂ ಇಲ್ಲ. ಸಪ್ಪೆ ಬೇರೆ, ಒಗರು ಬೇರೆ. ಮೆಣಸಿನಕಾಯಿ ಸೀದರೆ ಘಾಟು, ಕೊಬ್ಬರಿ ಹಳತಾದರೆ ಕಮಟು. ತಳ ಹಿಡಿದದ್ದು, ಬಿಗಿಯಾದದ್ದು, ನೀರಾದದ್ದು, ಎಲ್ಲಕ್ಕೂ ಮೇಲೆ ‘ಹದ’. ಈ ಪದಗಳೆಲ್ಲ ಒಲೆ ಮುಂದೆ ಹುಟ್ಟಿದವು. ಒಲೆ ಮುಂದೆ ನಿಂತವರು ಬಳಸಿದರು, ತಟ್ಟೆ ಮುಂದೆ ಕೂತವರು ಕಲಿಯಲಿಲ್ಲ, ಅಷ್ಟೇ.

ಎರಡನೇ ತಕರಾರು ‘ಮನೆ ಊಟ’ ಅನ್ನೋ ಬೋರ್ಡಿನ ಮೇಲೆ. ಯಾರ ಮನೆ ಸ್ವಾಮಿ? ಮೂರು ವರ್ಷ ನನ್ನ ಜೊತೆ ಫ್ಲ್ಯಾಟಿನಲ್ಲಿ ಧಾರವಾಡದವನೊಬ್ಬ, ಮಂಡ್ಯದವನೊಬ್ಬ ಇದ್ದರು. ಅವನಿಗೆ ಊಟ ಅಂದ್ರೆ ಜೋಳದ ರೊಟ್ಟಿ, ಗುರೆಳ್ಳು ಚಟ್ನಿಪುಡಿ, ಪಕ್ಕಕ್ಕೆ ಹಸಿ ಉಳ್ಳಾಗಡ್ಡಿ. ಇವನಿಗೆ ಮುದ್ದೆ, ಬಸ್ಸಾರು. ಕೋಳಿ ಸಾರು ಆಗದ ಭಾನುವಾರ ಭಾನುವಾರವೇ ಅಲ್ಲ. ನಾನು ಉಡುಪಿ ಕಡೆಯವನು, ಸಾರಿಗೆ ಬೆಲ್ಲ ಹಾಕಿದೆ. ‘ಖಾರ ಎಲ್ಲೈತಿಲೇ?’ ಅಂದ ಒಬ್ಬ. ‘ಇದೇನ್ಲಾ, ಪಾನಕವಾ?’ ಅಂದ ಇನ್ನೊಬ್ಬ. ಮೂವರ ಮನೆ ಊಟವೂ ಮನೆ ಊಟವೇ. ಆದರೆ ನಮ್ಮ ಬೀದಿಯ ‘ಮನೆ ಊಟ’ದಲ್ಲಿ ಸಿಗ್ತಿದ್ದದ್ದು ಅನ್ನ, ಸಾರು, ಪಲ್ಯ, ಹಪ್ಪಳ ಮಾತ್ರ. ಕೋಳಿ ಸಾರು ಬೇಕಂದ್ರೆ ‘ಮಿಲಿಟರಿ ಹೋಟೆಲ್’ ಅನ್ನೋ ಬೇರೆ ಬೋರ್ಡ್ ಹುಡುಕಬೇಕಿತ್ತು. ನಾಡಿನ ಎಷ್ಟೋ ಮನೆಗಳ ಅಡುಗೆ ‘ಮನೆ’ ಅನ್ನೋ ಪದದಿಂದಲೇ ಆಚೆ ಉಳಿದುಬಿಡುತ್ತೆ.

ಇನ್ನು ‘ಇದೇ ಅಸಲಿ ಸಾರು, ತಲತಲಾಂತರದಿಂದ ಹೀಗೇ’ ಅನ್ನೋರಿಗೆ ಒಂದು ಮಾತು. 16ನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ ‘ಸೂಪಶಾಸ್ತ್ರ’ ಅಂತ ಅಡುಗೆಯ ಬಗ್ಗೆಯೇ ಕನ್ನಡದಲ್ಲಿ, ಅದೂ ಷಟ್ಪದಿಯಲ್ಲಿ ಒಂದು ಪುಸ್ತಕ ಬರೆದ. ಅವನ ಅಡುಗೆಮನೆಯಲ್ಲಿ ಮೆಣಸಿನಕಾಯಿ ಇಲ್ಲ. ಅದು ಅಮೆರಿಕ ಖಂಡದ ಬೆಳೆ, ಇಲ್ಲಿಗೆ ಬಂದದ್ದು ಪೋರ್ಚುಗೀಸರ ಜೊತೆ. ಅದಕ್ಕೆ ಮುಂಚೆ ನಮ್ಮ ಖಾರ ಅಂದ್ರೆ ಕಾಳುಮೆಣಸು. ಹೊಸದಾಗಿ ಬಂದ ಕಾಯಿಗೆ ಹಳೆಯ ಮೆಣಸಿನ ಹೆಸರನ್ನೇ ಅಂಟಿಸಿ ‘ಮೆಣಸಿನಕಾಯಿ’ ಅಂದೆವು. ಟೊಮೆಟೊ ಬಂದದ್ದು ಇನ್ನೂ ಈಚೆಗೆ. ಅಂದ ಮೇಲೆ ನಮ್ಮ ಅಸಲಿ ಸಾರನ್ನೂ ಯಾರೋ ಒಂದು ದಿನ ಧೈರ್ಯ ಮಾಡಿ ಬದಲಿಸಿದ್ದಾರೆ. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಪ್ಯಾಕೆಟ್ ಪುಡಿಯೂ ಅಂಥದ್ದೇ ಒಂದು ಬದಲಾವಣೆ. 1924ರಲ್ಲಿ ಬೆಂಗಳೂರಿನಲ್ಲಿ ಹೋಟೆಲಾಗಿ ಶುರುವಾದ ಎಂಟಿಆರ್, 1975ರ ತುರ್ತು ಪರಿಸ್ಥಿತಿಯಲ್ಲಿ ತಿಂಡಿಗಳ ಬೆಲೆಗೆ ಸರ್ಕಾರ ಕಡಿವಾಣ ಹಾಕಿದಾಗ ಹೋಟೆಲ್ ನಡೆಸೋದು ಕಷ್ಟವಾಗಿ ಪುಡಿ, ಮಿಕ್ಸ್‌ಗಳ ಕಡೆ ಹೊರಳಿತು. ಪ್ಯಾಕೆಟ್ಟನ್ನು ಬೈಯೋ ಗಂಡಸರು ಮೊದಲು ಅರ್ಧ ಕೆಜಿ ಕೊತ್ತಂಬರಿ ಬೀಜ ಹುರಿದು ತೋರಿಸಲಿ. ಅದರಿಂದ ಉಳಿದ ಸಮಯ ಕೆಲಸಕ್ಕೆ ಹೋಗೋರಿಗೆ ಸಣ್ಣದಲ್ಲ. ಆದರೆ ಪ್ಯಾಕೆಟ್ಟಿನೊಳಗೂ ಯಾರದೋ ನಾಲಿಗೆ ಇದೆ. ಐದು ವರ್ಷ ಅದನ್ನೇ ಉಂಡರೆ ನಮಗೆ ಅದೇ ಅಳತೆ. ಆಮೇಲೆ ಮನೆಯ ಪುಡಿಯೇ ‘ಏನೋ ಒಂಥರಾ’ ಅನ್ನಿಸೋಕೆ ಶುರುವಾಗುತ್ತೆ.

ಹಾಗಾದರೆ ಪುಡಿ ಮನೆಯದೇ ಆದಾಗ ರುಚಿ ಯಾರ ತೀರ್ಮಾನ? ಮಾಡೋರದ್ದು ಅಂತ ಥಟ್ಟನೆ ಹೇಳಿಬಿಡಬಹುದು. ನನ್ನ ದೊಡ್ಡಮ್ಮನ ಸಾರು ನೆಂಟರಿಷ್ಟರಲ್ಲೆಲ್ಲ ಹೆಸರುವಾಸಿ. ಬೆಲ್ಲ ತುಸು ಮುಂದೆ. ಹೋದ ವರ್ಷ ದೊಡ್ಡಪ್ಪ ನಾಲ್ಕು ದಿನ ಊರಲ್ಲಿರಲಿಲ್ಲ, ಆಗ ನಾನು ಹೋಗಿದ್ದೆ. ತಟ್ಟೆಗೆ ಬಿದ್ದದ್ದು ಬೇರೆಯೇ ಸಾರು. ಬೇಳೆ ಇಲ್ಲ, ಬೆಲ್ಲ ಇಲ್ಲ. ಮೆಣಸು, ಜೀರಿಗೆ, ಬೆಳ್ಳುಳ್ಳಿ ಜಜ್ಜಿ ಹಾಕಿದ್ದು.

‘ದೊಡ್ಡಮ್ಮ, ಇವತ್ತು ಬೆಲ್ಲ ಹಾಕ್ಲಿಲ್ವಾ?’

‘ಅದು ನಿನ್ನ ದೊಡ್ಡಪ್ಪನಿಗೆ. ನಂಗೆ ಸಾರಿಗೆ ಸಿಹಿ ಆಗೂದೇ ಇಲ್ಲ ಮಾರಾಯ.’

ಮದುವೆಯಾಗಿ ಮೂವತ್ತೆಂಟು ವರ್ಷ. ನಾವೆಲ್ಲ ದೊಡ್ಡಮ್ಮನ ಕೈರುಚಿ ಅಂತ ಹೊಗಳುತ್ತಿದ್ದದ್ದು ದೊಡ್ಡಪ್ಪನ ನಾಲಿಗೆಯನ್ನು. ತನಗೆ ಸೇರದ ರುಚಿಯನ್ನು ಅಷ್ಟು ವರ್ಷ ಹದ ತಪ್ಪದೆ ಮಾಡೋದು ಎಂಥ ಕಸುಬು ಅಂತ ಬೆರಗಾಗಬಹುದು. ನನಗೆ ಬೆರಗಿಗಿಂತ ಸಂಕಟ ಹೆಚ್ಚಾಯಿತು. ಆ ಮನೆಯಲ್ಲಿ ಅವರ ಸಾರಿಗೆ ವರ್ಷಕ್ಕೆ ನಾಲ್ಕು ದಿನ ಮಾತ್ರ ಜಾಗ, ಅದೂ ಯಾರೋ ಊರಿಗೆ ಹೋದರೆ.

ವಿಮರ್ಶೆ ಬೇಕು ಅಂತ ನಾನು ಹಟ ಹಿಡಿಯೋದು ಇದಕ್ಕೇ. ‘ಚೆನ್ನಾಗಿದೆ’ ಅಂದರೆ ಮಾತು ಅಲ್ಲಿಗೆ ಮುಗಿಯುತ್ತೆ. ಏನು ಚೆನ್ನಾಗಿದೆ, ಯಾಕೆ ಹೀಗೆ ಮಾಡಿದ್ದು, ಯಾರಿಗೆ ಅಂತ ಮಾಡಿದ್ದು ಅಂತ ಕೇಳಿದರೆ ಮಾಡಿದವರ ನಾಲಿಗೆಯೂ ಲೆಕ್ಕಕ್ಕೆ ಬರುತ್ತೆ. ಆ ಮೆಣಸಿನ ಸಾರಿನ ಬಗ್ಗೆ ನನ್ನ ರಿವ್ಯೂ ಇಷ್ಟು: ಹುಳಿ ಚುರುಕು, ಅದರ ಹಿಂದೆ ಗಂಟಲಲ್ಲಿ ಮೆಣಸು; ಜೀರಿಗೆ ಹುರಿಯದೆ ಹಸಿಯಾಗಿ ಜಜ್ಜಿದ್ದರಿಂದ ಘಮ ಜೋರು; ಅನ್ನಕ್ಕಿಂತ ಲೋಟದಲ್ಲಿ ಕುಡಿಯೋಕೆ ಒಳ್ಳೆಯದು; ಉಪ್ಪು ಒಂದು ಕಲ್ಲು ಕಡಿಮೆ. ಕೊನೆಯ ಮಾತನ್ನು ದೊಡ್ಡಮ್ಮ ಒಪ್ಪಲಿಲ್ಲ. ‘ಸಾರು ಆರಿದ ಮೇಲೆ ತಿಂದು ನೋಡು, ಆಗ ಹೇಳು’ ಅಂದರು. ಅಡುಗೆ ಬಗ್ಗೆ ಅವರು ನನ್ನ ಜೊತೆ ವಾದಕ್ಕೆ ನಿಂತದ್ದು ಅದೇ ಮೊದಲು.

ಇವತ್ತು ರಾತ್ರಿ ತಟ್ಟೆಗೆ ಸಾರು ಬಡಿಸಿದವರನ್ನು ಕೇಳಿ, ‘ನಿಮಗೆ ಯಾವ ಸಾರು ಇಷ್ಟ?’ ಅಂತ. ಅಮ್ಮ ಇರಬಹುದು, ಹೆಂಡತಿ ಇರಬಹುದು, ತಿಂಗಳ ಸಂಬಳಕ್ಕೆ ಅಡುಗೆ ಮಾಡೋ ಅಕ್ಕ ಇರಬಹುದು. ‘ನಂಗೆ ಎಂಥದ್ದಾದ್ರೂ ಆಗುತ್ತೆ’ ಅಂದರೆ ಬಿಡಬೇಡಿ, ಇನ್ನೊಮ್ಮೆ ಕೇಳಿ. ಉತ್ತರ ತಟ್ಟೆಯಲ್ಲಿರೋದಕ್ಕಿಂತ ಬೇರೆಯಾಗಿದ್ದರೆ ನಾಳೆ ಅದನ್ನು ನೀವು ಮಾಡಿ ಬಡಿಸಿ. ಉಪ್ಪು ಕಮ್ಮಿ ಅಂತ ಅವರೂ ಒಂದು ಸಲ ಹೇಳಲಿ.